ಕಾಣೆಯಾದ ಲಾಗ್ ಸಾಲನ್ನು ಹುಡುಕುವುದು: ಲಿನಕ್ಸ್ ಲಾಗಿಂಗ್ ಸೇವೆಯ ಒಳಹಾದಿ

ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಹೊರಡಿಸಿದ ಲಾಗ್ ಸಾಲು ಸಾಮಾನ್ಯವಾಗಿ ನೇರವಾಗಿ ಡಿಸ್ಕ್ ಸೇರುವುದಿಲ್ಲ. ಮೊದಲು ಒಂದು ಸಾಕೆಟ್ (ಪ್ರೋಗ್ರಾಂಗಳು ಒಂದಕ್ಕೊಂದು ಮಾಹಿತಿ ದಾಟಿಸುವ ಕಿಂಡಿ) ದಾಟಬೇಕು, ಲಾಗ್ ಕೂಡಿಡುವ ಜರ್ನಲ್‌ಡಿ ಸೇವೆ ಅದನ್ನು ಸ್ವೀಕರಿಸಬೇಕು, ಲಾಗ್ ಹಂಚುವ ಆರ್‌ಸಿಸ್‌ಲಾಗ್ ಇದ್ದರೆ ಅದು ಎತ್ತಿಕೊಂಡು ಫೈಲಿಗೋ ಇನ್ನೊಂದು ಸರ್ವರಿಗೋ ಕಳಿಸಬೇಕು, ಕೊನೆಗೆ ಲಾಗ್‌ರೊಟೇಟ್ ಅದನ್ನು ಕೆಲವು ವಾರ ಉಳಿಸಬೇಕು. ಕೈಯಿಂದ ಕೈಗೆ ಹೋಗುವ ಈ ಹಾದಿಯಲ್ಲಿ ಪ್ರತಿಯೊಂದು ಕೈಗೂ ತನ್ನದೇ ಮಿತಿ, ತನ್ನದೇ ಡೀಫಾಲ್ಟ್ ಇದೆ. ‘ಲಾಗ್ ಬರ್ತಾ ಇಲ್ಲ’ ಎಂಬ ದೂರು ಬಂದಾಗ ಎಲ್ಲರೂ ಮೊದಲು ಪ್ರೋಗ್ರಾಂನ ಕೋಡ್ ತೆರೆಯುತ್ತಾರೆ. ಅದರ ಬದಲು ಸಾಲು ಯಾವ ಕೈಯಲ್ಲಿ ನಿಂತಿತು ಎಂದು ಕ್ರಮವಾಗಿ ನೋಡುತ್ತ ಬಂದರೆ ಉತ್ತರ ಬೇಗ ಸಿಗುತ್ತದೆ.

ಇಲ್ಲಿ ಹೇಳಿರುವುದು ಸಿಸ್ಟಂಡಿ (ಯಂತ್ರದ ಸೇವೆಗಳನ್ನು ಆರಂಭಿಸಿ ನಡೆಸುವ ಪ್ರೋಗ್ರಾಂ) ಇರುವ ಲಿನಕ್ಸ್‌ಗೆ, ಅಂದರೆ ಡೆಬಿಯನ್, ಉಬುಂಟು, ಫೆಡೋರಾ, ರೆಡ್ ಹ್ಯಾಟ್ ಬಳಗಕ್ಕೆ ಅನ್ವಯಿಸುತ್ತದೆ. ಆಜ್ಞೆ ಮತ್ತು ಫೈಲ್ ಹಾದಿಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಒಂದೇ ಅಕ್ಷರದ ಆಯ್ಕೆಗಳೆಲ್ಲ ಸಣ್ಣಕ್ಷರ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದೆ.

ಸಾಲು ಹೊರಡುವ ಮೂರು ಬಾಗಿಲು

ಮೊದಲನೆಯದು ಹಳೆಯ ಸಿಸ್‌ಲಾಗ್ ಬಾಗಿಲು. 1980ರ ದಶಕದಲ್ಲಿ ಎರಿಕ್ ಆಲ್ಮನ್ ಸೆಂಡ್‌ಮೇಲ್ ಎಂಬ ಇಮೇಲ್ ಪ್ರೋಗ್ರಾಂಗಾಗಿ ಬರೆದ ವ್ಯವಸ್ಥೆ ಇದು, ಇವತ್ತಿಗೂ ಉಳಿದಿದೆ. ಪ್ರೋಗ್ರಾಂ ಸಿಸ್‌ಲಾಗ್ ಫಂಕ್ಷನ್ ಕರೆದರೆ ಸಂದೇಶ /ಡೆವ್/ಲಾಗ್ ಎಂಬ ಯುನಿಕ್ಸ್ ಸಾಕೆಟ್‌ಗೆ ಹೋಗುತ್ತದೆ. ಸಿಸ್ಟಂಡಿ ಇರುವ ಯಂತ್ರದಲ್ಲಿ ಈ ಹೆಸರು ನಿಜವಾದ ಸಾಕೆಟ್ ಅಲ್ಲ, /ರನ್/ಸಿಸ್ಟಂಡಿ/ಜರ್ನಲ್ ಡೈರೆಕ್ಟರಿಯೊಳಗಿನ ಸಾಕೆಟ್‌ಗೆ ಕೊಟ್ಟ ಕೊಂಡಿ. ಅಂದರೆ ಆರ್‌ಸಿಸ್‌ಲಾಗ್ ಇದ್ದರೂ ಸಂದೇಶ ಮೊದಲು ಸಿಗುವುದು ಜರ್ನಲ್‌ಡಿಗೆ.

ಎರಡನೆಯದು ಸ್ಟಾಂಡರ್ಡ್ ಔಟ್‌ಪುಟ್ ಮತ್ತು ಸ್ಟಾಂಡರ್ಡ್ ಎರರ್. ಸಿಸ್ಟಂಡಿ ಆರಂಭಿಸಿದ ಯಾವುದೇ ಸೇವೆ ಪರದೆಗೆಂದು ಮುದ್ರಿಸಿದ್ದೆಲ್ಲ ಜರ್ನಲ್‌ಗೆ ಬರುತ್ತದೆ. ಇಂದಿನ ಹೆಚ್ಚಿನ ಅಪ್ಲಿಕೇಶನ್‌ಗಳು ಈ ದಾರಿಯನ್ನೇ ಹಿಡಿದಿವೆ.

ಮೂರನೆಯದು ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು. ಅದು ಸಂದೇಶಗಳನ್ನು ಮೆಮೊರಿಯ ಒಂದು ರಿಂಗ್ ಬಫರ್‌ನಲ್ಲಿ ಬರೆಯುತ್ತದೆ. ಬಫರ್ ತುಂಬಿದರೆ ಹಳೆಯದರ ಮೇಲೆ ಹೊಸದು ಬೀಳುತ್ತದೆ. ಡಿಮೆಸೇಜ್ ಆಜ್ಞೆ ಓದುವುದು ಇದನ್ನೇ. ಜರ್ನಲ್‌ಡಿ /ಡೆವ್/ಕೆಮೆಸೇಜ್ ಮೂಲಕ ಓದಿಕೊಂಡು ತನ್ನ ದಾಖಲೆಗೂ ಸೇರಿಸುತ್ತದೆ. ಬೂಟ್ ಸಮಯದ ಆರಂಭದ ಸಾಲುಗಳು ಕಾಣದಿದ್ದರೆ ಬಫರ್ ಚಿಕ್ಕದಿದೆ ಎಂದರ್ಥ. ಕರ್ನಲ್ ಪ್ಯಾರಾಮೀಟರ್‌ಗಳಲ್ಲಿ ಲಾಗ್_ಬಫ್_ಲೆನ್ ಬೆಲೆಯನ್ನು 4ಎಂ ಎಂದು ಕೊಟ್ಟು ನೋಡಿ. ಡಿಮೆಸೇಜ್‌ಗೆ ದೊಡ್ಡಕ್ಷರದ -ಟಿ ಕೊಟ್ಟಾಗ ಬರುವ ಗಡಿಯಾರದ ಸಮಯವನ್ನು ಪೂರ್ತಿ ನಂಬಬೇಡಿ. ಲ್ಯಾಪ್‌ಟಾಪ್ ಸಸ್ಪೆಂಡ್ ಆಗಿ ಎದ್ದಿದ್ದರೆ ಆ ಲೆಕ್ಕ ತಪ್ಪುತ್ತದೆ.

ಯಾರದು, ಎಷ್ಟು ಗಂಭೀರ

ಪ್ರತಿಯೊಂದು ಸಿಸ್‌ಲಾಗ್ ಸಂದೇಶಕ್ಕೂ ಎರಡು ಗುರುತು. ಯಾವ ಬಗೆಯ ಮೂಲದಿಂದ ಬಂತು ಎನ್ನುವುದು ಫೆಸಿಲಿಟಿ: ಕರ್ನ್ 0, ಯೂಸರ್ 1, ಮೇಲ್ 2, ಡೀಮನ್ 3, ಆಥ್ 4, ಕ್ರಾನ್ 9, ಆಥ್‌ಪ್ರಿವ್ 10, ನಮ್ಮ ಸ್ವಂತ ಬಳಕೆಗೆ ಲೋಕಲ್0ರಿಂದ ಲೋಕಲ್7ರವರೆಗೆ 16ರಿಂದ 23. ಎಷ್ಟು ತುರ್ತು ಎನ್ನುವುದು ಸಿವಿಯಾರಿಟಿ: ಎಮರ್ಜ್ 0, ಅಲರ್ಟ್ 1, ಕ್ರಿಟ್ 2, ಎರ್ 3, ವಾರ್ನಿಂಗ್ 4, ನೋಟಿಸ್ 5, ಇನ್ಫೊ 6, ಡೀಬಗ್ 7. ಅಂಕಿ ಕಡಿಮೆಯಾದಷ್ಟೂ ಗಂಭೀರತೆ ಹೆಚ್ಚು. ಹೊಸಬರು ಇದನ್ನು ತಿರುಗಾಮುರುಗಾ ಹಿಡಿಯುವುದೇ ಜಾಸ್ತಿ.

ತಂತಿಯ ಮೇಲೆ ಇವೆರಡೂ ಒಂದೇ ಸಂಖ್ಯೆಯಾಗಿ ಹೋಗುತ್ತವೆ: ಫೆಸಿಲಿಟಿಯನ್ನು 8ರಿಂದ ಗುಣಿಸಿ ಸಿವಿಯಾರಿಟಿ ಕೂಡಿಸಿದರೆ ಆಯಿತು. ಪ್ಯಾಕೆಟ್ ಹಿಡಿದು ನೋಡಿದಾಗ ಸಾಲಿನ ಮೊದಲಿಗೆ <165> ಇದ್ದರೆ 165ನ್ನು 8ರಿಂದ ಭಾಗಿಸಿ. ಭಾಗಲಬ್ಧ 20, ಶೇಷ 5. ಅಂದರೆ ಲೋಕಲ್4, ನೋಟಿಸ್.

ಇಲ್ಲೇ ಒಂದು ದೊಡ್ಡ ಮೋಸವಿದೆ. ಸ್ಟಾಂಡರ್ಡ್ ಔಟ್‌ಪುಟ್ ದಾರಿಯಲ್ಲಿ ಬಂದ ಸಾಲಿಗೆ ಯಾವ ಗುರುತೂ ಇರುವುದಿಲ್ಲ. ಆದ್ದರಿಂದ ಸಿಸ್ಟಂಡಿ ಅದಕ್ಕೆ ಇನ್ಫೊ ಎಂದು ಹಣೆಪಟ್ಟಿ ಅಂಟಿಸುತ್ತದೆ, ಸಾಲಿನೊಳಗೆ ‘ಎರರ್’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಸರಿ. ಸ್ಟಾಂಡರ್ಡ್ ಎರರ್‌ಗೆ ಬರೆದದ್ದಕ್ಕೂ ಇದೇ ಗತಿ. ‘ಬರೀ ಎರರ್ ತೋರಿಸು’ ಎಂದು ಜರ್ನಲ್ ಕೇಳಿ, ಖಾಲಿ ಉತ್ತರ ಬಂದು, ಎಲ್ಲ ಸರಿಯಿದೆ ಎಂದುಕೊಳ್ಳುವ ಅಪಾಯ ಹುಟ್ಟುವುದು ಇಲ್ಲಿಂದ. ಪರಿಹಾರ ಸರಳ: ಪ್ರೋಗ್ರಾಂ ಸಾಲಿನ ಮೊದಲಿಗೆ <3> ಎಂದು ಮುದ್ರಿಸಿದರೆ ಜರ್ನಲ್‌ಡಿ ಅದನ್ನು ತೆಗೆದು, ಸಾಲನ್ನು ಎರ್ ಮಟ್ಟದಲ್ಲಿ ದಾಖಲಿಸುತ್ತದೆ. <4> ವಾರ್ನಿಂಗ್, <7> ಡೀಬಗ್. ಲಾಗಿಂಗ್ ಲೈಬ್ರರಿಯ ಫಾರ್ಮ್ಯಾಟರ್‌ನಲ್ಲಿ ನಾಲ್ಕು ಸಾಲಿನ ಬದಲಾವಣೆ ಸಾಕು. ಇದನ್ನು ಮಾಡದ ಸೇವೆಯ ಮೇಲೆ ಮಟ್ಟದ ಆಧಾರದಲ್ಲಿ ಅಲರ್ಟ್ ಕಟ್ಟುವುದರಲ್ಲಿ ಅರ್ಥವಿಲ್ಲ.

ಪೈಥಾನ್ ಸೇವೆಗಳಲ್ಲಿ ಇನ್ನೊಂದು ತೊಡಕು. ಔಟ್‌ಪುಟ್ ಟರ್ಮಿನಲ್‌ಗೆ ಹೋಗದಿದ್ದಾಗ ಪೈಥಾನ್ ಸಾಲುಸಾಲಾಗಿ ಬರೆಯದೆ ಬಫರ್ ತುಂಬುವವರೆಗೆ ಕಾಯುತ್ತದೆ. ಸೇವೆ ಓಡುತ್ತಿದ್ದರೂ ಜರ್ನಲ್ ಖಾಲಿ. ಕೊಂದರೆ ಆ ಸಾಲುಗಳು ಬಂದೇ ಬಾರದಿರಬಹುದು. ಯೂನಿಟ್ ಫೈಲಿನಲ್ಲಿ (ಸೇವೆಯನ್ನು ಹೇಗೆ ಓಡಿಸಬೇಕೆಂದು ಸಿಸ್ಟಂಡಿಗೆ ಹೇಳುವ ಫೈಲ್) ಎನ್ವಿರಾನ್‌ಮೆಂಟ್=ಪೈಥಾನ್‌ಅನ್‌ಬಫರ್ಡ್=1 ಎಂದು ಸೇರಿಸಿದರೆ ಸರಿಹೋಗುತ್ತದೆ. ಈ ವೇರಿಯಬಲ್‌ನ ಹೆಸರನ್ನು ಮಾತ್ರ ಪೂರ್ತಿ ದೊಡ್ಡಕ್ಷರದಲ್ಲಿ ಬರೆಯಬೇಕು.

ಜರ್ನಲ್‌ಡಿ: ಮೊದಲು ಉಳಿಯುವಂತೆ ಮಾಡಿ

ಜರ್ನಲ್‌ಡಿ ದಾಖಲೆಯನ್ನು ಎರಡು ಕಡೆ ಇಡಬಲ್ಲದು. /ರನ್/ಲಾಗ್/ಜರ್ನಲ್ ಇರುವುದು ಮೆಮೊರಿಯಲ್ಲಿ, ರೀಬೂಟ್ ಆದರೆ ಅಳಿಯುತ್ತದೆ. /ವರ್/ಲಾಗ್/ಜರ್ನಲ್ ಡಿಸ್ಕ್‌ನಲ್ಲಿದೆ, ಉಳಿಯುತ್ತದೆ. ಸ್ಟೋರೇಜ್ ಎಂಬ ಸೆಟ್ಟಿಂಗ್‌ನ ವಾಡಿಕೆಯ ಬೆಲೆ ಹೆಚ್ಚಿನ ಆವೃತ್ತಿಗಳಲ್ಲಿ ಆಟೋ. ಇದರರ್ಥ: /ವರ್/ಲಾಗ್/ಜರ್ನಲ್ ಡೈರೆಕ್ಟರಿ ಮೊದಲೇ ಇದ್ದರೆ ಅಲ್ಲಿ ಬರೆ, ಇಲ್ಲದಿದ್ದರೆ ಮೆಮೊರಿಯಲ್ಲೇ ಇಟ್ಟುಕೋ. ಒಂದು ಖಾಲಿ ಡೈರೆಕ್ಟರಿ ಇದೆಯೋ ಇಲ್ಲವೋ ಎನ್ನುವುದರ ಮೇಲೆ ಹಿಂದಿನ ಬೂಟ್‌ನ ಇಡೀ ಚರಿತ್ರೆ ನಿಂತಿರುತ್ತದೆ. ಡೆಬಿಯನ್‌ನ ಈಚಿನ ಆವೃತ್ತಿಗಳಲ್ಲಿ ಅದು ಇರುತ್ತದೆ. ರೆಡ್ ಹ್ಯಾಟ್ ಬಳಗದ ಹಲವು ಆವೃತ್ತಿಗಳಲ್ಲಿ, ಚಿಕ್ಕದಾಗಿಸಿದ ಕ್ಲೌಡ್ ಇಮೇಜ್‌ಗಳಲ್ಲಿ ಇಲ್ಲದಿರಬಹುದು.

ನೋಡುವುದು ಹೀಗೆ:

ಜರ್ನಲ್‌ಸಿಟಿಎಲ್ --ಲಿಸ್ಟ್-ಬೂಟ್ಸ್

ಯಂತ್ರ ಹಲವು ಸಲ ರೀಬೂಟ್ ಆಗಿದ್ದರೂ ಒಂದೇ ಸಾಲು ಬಂದರೆ ದಾಖಲೆ ಉಳಿಯುತ್ತಿಲ್ಲ. ಆಗ /ಇಟಿಸಿ/ಸಿಸ್ಟಂಡಿ/ಜರ್ನಲ್‌ಡಿ.ಕಾನ್ಫ್.ಡಿ ಎಂಬ ಡೈರೆಕ್ಟರಿ ಮಾಡಿ, ಅದರೊಳಗೆ 10-ಉಳಿಕೆ.ಕಾನ್ಫ್ ತರಹದ ಒಂದು ಫೈಲ್ ಇಡಿ. ಹೆಸರು ಯಾವುದಾದರೂ ಆಗಬಹುದು, ಕೊನೆ ಮಾತ್ರ ಕಾನ್ಫ್ ಇರಲೇಬೇಕು. ಒಳಗೆ:

[ಜರ್ನಲ್]
ಸ್ಟೋರೇಜ್=ಪರ್ಸಿಸ್ಟೆಂಟ್
ಸಿಸ್ಟಂಮ್ಯಾಕ್ಸ್‌ಯೂಸ್=2ಜಿ
ಸಿಸ್ಟಂಕೀಪ್‌ಫ್ರೀ=1ಜಿ

ಮೊದಲ ಸಾಲಿನ ಚೌಕ ಕಂಸದ ಶೀರ್ಷಿಕೆ ಬರೆಯಲು ಮರೆತರೆ ಉಳಿದದ್ದನ್ನು ಜರ್ನಲ್‌ಡಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಸೇವೆಯೂ ನಿಲ್ಲುವುದಿಲ್ಲ. ಹಾಗಾಗಿ ಈ ತಪ್ಪು ತಿಂಗಳುಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ. ಅಕ್ಷರಗಳ ಹಿರಿದು ಕಿರಿದು ಕೂಡ ಮುಖ್ಯ: ಸಿಸ್ಟಂ, ಮ್ಯಾಕ್ಸ್, ಯೂಸ್ ಈ ಮೂರೂ ಪದಗಳ ಮೊದಲಕ್ಷರ ದೊಡ್ಡದು, ನಡುವೆ ಜಾಗವಿಲ್ಲ. ಆಮೇಲೆ ಸಿಸ್ಟಂಸಿಟಿಎಲ್ ರೀಸ್ಟಾರ್ಟ್ ಸಿಸ್ಟಂಡಿ-ಜರ್ನಲ್‌ಡಿ ಕೊಟ್ಟು, ಜರ್ನಲ್‌ಸಿಟಿಎಲ್ --ಫ್ಲಶ್ ಮಾಡಿದರೆ ಮೆಮೊರಿಯಲ್ಲಿದ್ದದ್ದು ಡಿಸ್ಕ್‌ಗೆ ಇಳಿಯುತ್ತದೆ.

ಗಾತ್ರವನ್ನು ನೀವು ಹೇಳದಿದ್ದರೆ ಜರ್ನಲ್‌ಡಿ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ: ಫೈಲ್‌ಸಿಸ್ಟಂನ ಶೇ. 10ರವರೆಗೆ ತಾನು ಬಳಸಿ, ಶೇ. 15 ಖಾಲಿ ಬಿಡುವುದು. ಎರಡಕ್ಕೂ 4 ಗಿಗಾಬೈಟ್ ಮೇಲ್ಮಿತಿ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಡಿಸ್ಕ್ ಬೇರೆ ಕಾರಣಕ್ಕೆ ಶೇ. 90 ತುಂಬಿಹೋಗಿದ್ದರೆ ‘ಖಾಲಿ ಬಿಡು’ ನಿಯಮ ಮೇಲುಗೈ ಪಡೆದು ಜರ್ನಲ್ ಬೆಳೆಯುವುದು ನಿಲ್ಲುತ್ತದೆ. ದಾಖಲೆ ನೀವು ಎಣಿಸಿದ್ದಕ್ಕಿಂತ ಕಡಿಮೆ ದಿನದ್ದಾಗಿದ್ದರೆ ಮೊದಲು ಡಿಸ್ಕ್ ನೋಡಿ. ಸಮಯದ ಮಿತಿ ಬೇಕಿದ್ದರೆ ಮ್ಯಾಕ್ಸ್‌ರಿಟೆನ್ಷನ್‌ಸೆಕ್ ಇದೆ. ವಾಡಿಕೆಯಲ್ಲಿ ಅದು 0, ಅಂದರೆ ಸಮಯದ ಮಿತಿ ಇಲ್ಲ, ಗಾತ್ರದ್ದು ಮಾತ್ರ. ‘90 ದಿನದ ಲಾಗ್ ಇಟ್ಟಿರಬೇಕು’ ಎಂಬ ನಿಯಮವಿರುವಲ್ಲಿ ಇದನ್ನು 90 ದಿನಕ್ಕೆ ಇಟ್ಟು ನಿಶ್ಚಿಂತರಾಗುವುದು ತಪ್ಪು. ಅದು ಹಳೆಯದನ್ನು ಅಳಿಸುವ ಗಡುವು, ಅಷ್ಟು ದಿನ ಉಳಿಸುವ ಭರವಸೆ ಅಲ್ಲ. ಗಾತ್ರದ ಮಿತಿ ಮೊದಲೇ ಮುಟ್ಟಿದರೆ ದಾಖಲೆ ಮೊದಲೇ ಹೋಗುತ್ತದೆ.

ಈಗ ಎಷ್ಟು ಜಾಗ ಹಿಡಿದಿದೆ ಎನ್ನುವುದಕ್ಕೆ ಜರ್ನಲ್‌ಸಿಟಿಎಲ್ --ಡಿಸ್ಕ್-ಯೂಸೇಜ್. ತುರ್ತಾಗಿ ಕುಗ್ಗಿಸಲು --ವ್ಯಾಕ್ಯೂಮ್-ಸೈಜ್=500ಎಂ. ಇದನ್ನು ಓಡಿಸಿದರೂ ಹೇಳಿದಷ್ಟು ಜಾಗ ಖಾಲಿಯಾಗದಿದ್ದರೆ ಕಾರಣ ಇದು: ವ್ಯಾಕ್ಯೂಮ್ ಮುಟ್ಟುವುದು ಮುಚ್ಚಿಟ್ಟ ಹಳೆಯ ಫೈಲ್‌ಗಳನ್ನು ಮಾತ್ರ, ಈಗ ಬರೆಯುತ್ತಿರುವುದನ್ನಲ್ಲ. ಮೊದಲು --ರೊಟೇಟ್ ಕೊಟ್ಟು ಆಮೇಲೆ ವ್ಯಾಕ್ಯೂಮ್ ಮಾಡಿ. ಜರ್ನಲ್ ಫೈಲ್‌ಗಳನ್ನು ಕೈಯಾರೆ ಅಳಿಸುವ, ಲಾಗ್‌ರೊಟೇಟ್‌ಗೆ ಒಪ್ಪಿಸುವ ಕೆಲಸ ಬೇಡವೇ ಬೇಡ.

ವಿದ್ಯುತ್ ಹೋಗಿ ಯಂತ್ರ ಆರಿದಾಗ ಕೊನೆಯ ಕೆಲವು ಸಾಲುಗಳು ಇಲ್ಲದಿರುವುದು ಸಹಜ. ಜರ್ನಲ್‌ಡಿ ಡಿಸ್ಕ್‌ಗೆ ಖಾತರಿಯಾಗಿ ಇಳಿಸುವುದು 5 ನಿಮಿಷಕ್ಕೊಮ್ಮೆ. ಕ್ರಿಟ್, ಅಲರ್ಟ್, ಎಮರ್ಜ್ ಬಂದರೆ ಮಾತ್ರ ಆ ಕ್ಷಣವೇ. ಸಿಂಕ್‌ಇಂಟರ್ವಲ್‌ಸೆಕ್ ಅನ್ನು 30 ಸೆಕೆಂಡಿಗೆ ಇಳಿಸಬಹುದು, ಎಸ್‌ಡಿ ಕಾರ್ಡ್ ಮೇಲೆ ಓಡುವ ಚಿಕ್ಕ ಯಂತ್ರಗಳಲ್ಲಿ ಮಾತ್ರ ಹಾಗೆ ಮಾಡಬೇಡಿ. ಕಾರ್ಡ್ ಬೇಗ ಸವೆಯುತ್ತದೆ. ಹೀಗೆ ಅರ್ಧಕ್ಕೆ ನಿಂತ ಜರ್ನಲ್ ಫೈಲನ್ನು ಮುಂದಿನ ಬೂಟ್‌ನಲ್ಲಿ ಜರ್ನಲ್‌ಡಿ ಬದಿಗಿಟ್ಟು, ಹೆಸರಿನ ಕೊನೆಗೆ ~ ಚಿಹ್ನೆ ಸೇರಿಸಿ, ಹೊಸದನ್ನು ಆರಂಭಿಸುತ್ತದೆ. ಆ ಚಿಹ್ನೆ ಕಂಡ ತಕ್ಷಣ ಕಸವೆಂದು ಅಳಿಸಬೇಡಿ. ಓದಲು ಬರುವಷ್ಟನ್ನು ಜರ್ನಲ್‌ಸಿಟಿಎಲ್ ಅದರಿಂದಲೂ ಓದುತ್ತದೆ, ನಿಮಗೆ ಬೇಕಾದ ಸಾಲು ಅಲ್ಲೇ ಇರಬಹುದು.

ಕರ್ನಲ್ ಪ್ಯಾನಿಕ್ ಆದರೆ, ಅಂದರೆ ಕರ್ನಲ್ಲೇ ಕುಸಿದು ನಿಂತರೆ, ಕತೆಯೇ ಬೇರೆ. ಬರೆಯುವವನೇ ಸತ್ತ ಮೇಲೆ ಜರ್ನಲ್‌ಗೆ ಏನೂ ಬರುವುದಿಲ್ಲ. ಯಂತ್ರದ ಫರ್ಮ್‌ವೇರ್ ಜಾಗ ಕೊಟ್ಟರೆ ಕರ್ನಲ್ ಕೊನೆಯ ಮಾತುಗಳನ್ನು ಪಿಸ್ಟೋರ್ ಎಂಬ, ರೀಬೂಟ್ ಆದರೂ ಉಳಿಯುವ ಜಾಗದಲ್ಲಿ ಬಿಟ್ಟಿರುತ್ತದೆ. ಮುಂದಿನ ಬೂಟ್‌ನಲ್ಲಿ ಸಿಸ್ಟಂಡಿ ಅದನ್ನು /ವರ್/ಲಿಬ್/ಸಿಸ್ಟಂಡಿ/ಪಿಸ್ಟೋರ್‌ಗೆ ಸಾಗಿಸಿರುತ್ತದೆ, ಅಲ್ಲಿ ನೋಡಿ. ಪದೇಪದೇ ಪ್ಯಾನಿಕ್ ಆಗುವ ಯಂತ್ರಕ್ಕೆ ನೆಟ್‌ಕನ್ಸೋಲ್ ಕಟ್ಟುವುದು ಒಳ್ಳೆಯದು. ಅದು ಕರ್ನಲ್ ಸಾಲುಗಳನ್ನು ನೇರವಾಗಿ ಯುಡಿಪಿ (ತಲುಪಿತೇ ಎಂದು ನೋಡದೆ ಕಳಿಸುವ ಜಾಲ ವಿಧಾನ) ಮೂಲಕ ಇನ್ನೊಂದು ಯಂತ್ರಕ್ಕೆ ಎಸೆಯುತ್ತದೆ.

ಓದುವುದು

ನೂರು ಆಯ್ಕೆ ಕಲಿಯಬೇಕಿಲ್ಲ. ದಿನನಿತ್ಯ ಬೇಕಾಗುವುದು ಇವು: ಒಂದು ಸೇವೆಯದಕ್ಕೆ -ಯು, ಬರುತ್ತಿರುವುದನ್ನು ನೋಡುತ್ತ ಕೂರಲು -ಎಫ್, ಈ ಬೂಟ್‌ನದಕ್ಕೆ -ಬಿ, ಹಿಂದಿನ ಬೂಟ್‌ನದಕ್ಕೆ -ಬಿ -1, ಕರ್ನಲ್‌ನದಕ್ಕೆ -ಕೆ, ಕೊನೆಯಿಂದ ನೋಡಲು -ಇ, ಪದ ಹುಡುಕಲು -ಜಿ, ಮಟ್ಟಕ್ಕೆ -ಪಿ. ಎಲ್ಲವನ್ನೂ ಒಟ್ಟಿಗೆ ಕೊಡಬಹುದು. ಯಂತ್ರ ತಾನಾಗಿ ರೀಸ್ಟಾರ್ಟ್ ಆಗಿದ್ದರೆ ಮೊದಲು ಓಡಿಸಬೇಕಾದ್ದು:

ಜರ್ನಲ್‌ಸಿಟಿಎಲ್ -ಬಿ -1 -ಇ

ಕೊನೆಯ ಸಾಲುಗಳಲ್ಲಿ ಸೇವೆಗಳನ್ನು ಒಂದೊಂದಾಗಿ ನಿಲ್ಲಿಸಿದ ಸುಳಿವಿದ್ದರೆ ಯಾರೋ ಅಥವಾ ಯಾವುದೋ ಕ್ರಮವಾಗಿ ರೀಬೂಟ್ ಮಾಡಿದೆ. ಸಾಲುಗಳು ನಡುವೆಯೇ ತುಂಡಾಗಿದ್ದರೆ ವಿದ್ಯುತ್, ಹಾರ್ಡ್‌ವೇರ್ ಅಥವಾ ಪ್ಯಾನಿಕ್ ಕಡೆ ನೋಡಿ.

ಸಮಯಕ್ಕೆ --ಸಿನ್ಸ್ "2025-03-10 02:00" --ಅಂಟಿಲ್ "2025-03-10 02:30" ಎಂದು ಕೊಡಿ. ಇದು ನಿಮ್ಮ ಯಂತ್ರದ ಟೈಮ್‌ಝೋನ್‌ನಲ್ಲಿ ಲೆಕ್ಕವಾಗುತ್ತದೆ. ಹಲವು ದೇಶಗಳಲ್ಲಿ ಸರ್ವರ್ ಇರುವವರು --ಯುಟಿಸಿ ಸೇರಿಸುವ ಅಭ್ಯಾಸ ಮಾಡಿಕೊಳ್ಳಲಿ.

-ಒ ವರ್ಬೋಸ್ ಕೊಟ್ಟರೆ ಪ್ರತಿ ಸಾಲಿನ ಹಿಂದಿರುವ ಎಲ್ಲ ವಿವರ ತೆರೆದುಕೊಳ್ಳುತ್ತದೆ. ಅದರಲ್ಲಿ ಅಂಡರ್‌ಸ್ಕೋರ್‌ನಿಂದ ಆರಂಭವಾಗುವ ಹೆಸರುಗಳು (_ಪಿಐಡಿ, _ಯುಐಡಿ, _ಸಿಸ್ಟಂಡಿ_ಯೂನಿಟ್) ಜರ್ನಲ್‌ಡಿ ತಾನೇ ಕರ್ನಲ್‌ನಿಂದ ಕೇಳಿ ಬರೆದವು. ಸಂದೇಶ ಕಳಿಸಿದವರು ಇವನ್ನು ಬದಲಿಸಲಾರರು. ಅಂಡರ್‌ಸ್ಕೋರ್ ಇಲ್ಲದವು ಕಳಿಸಿದವರು ಹೇಳಿಕೊಂಡದ್ದು. ಭದ್ರತೆಯ ತನಿಖೆಯಲ್ಲಿ ಈ ವ್ಯತ್ಯಾಸ ತುಂಬ ದೊಡ್ಡದು: ‘ಎಸ್‌ಎಸ್‌ಎಚ್‌ಡಿ’ (ದೂರದಿಂದ ಲಾಗಿನ್ ಮಾಡಿಸುವ ಸೇವೆ) ಎಂಬ ಹೆಸರಿನಲ್ಲಿ ಯಾವ ಬಳಕೆದಾರ ಬೇಕಾದರೂ ಸಾಲು ಬರೆಯಬಹುದು, _ಯುಐಡಿ ನೋಡಿದರೆ ಬಣ್ಣ ಬಯಲು.

ಸಾಮಾನ್ಯ ಬಳಕೆದಾರರಿಗೆ ಜರ್ನಲ್‌ನಲ್ಲಿ ತಮ್ಮ ಸಾಲುಗಳಷ್ಟೇ ಕಾಣುತ್ತವೆ. ಇಡೀ ಯಂತ್ರದ್ದು ಕಾಣಬೇಕಾದರೆ ಸಿಸ್ಟಂಡಿ-ಜರ್ನಲ್ ಗುಂಪಿಗೆ ಸೇರಿಸಬೇಕು, ಅವರು ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಬರಬೇಕು.

ಗದ್ದಲ ಮಾಡಿದವರ ಬಾಯಿ ಮುಚ್ಚುವ ನಿಯಮ

ಒಂದು ಸೇವೆ 30 ಸೆಕೆಂಡಿನಲ್ಲಿ 10,000ಕ್ಕಿಂತ ಹೆಚ್ಚು ಸಾಲು ಬರೆದರೆ ಜರ್ನಲ್‌ಡಿ ಆ ಅವಧಿ ಮುಗಿಯುವವರೆಗೆ ಉಳಿದದ್ದನ್ನು ಬಿಸಾಡುತ್ತದೆ. ಹಳೆಯ ಆವೃತ್ತಿಗಳಲ್ಲಿ ಈ ಮಿತಿ 1000 ಇತ್ತು. ಡಿಸ್ಕ್‌ನಲ್ಲಿ ಖಾಲಿ ಜಾಗ ಹೆಚ್ಚಿದ್ದರೆ ಮಿತಿಯೂ ತುಸು ಸಡಿಲವಾಗುತ್ತದೆ. ಬಿಸಾಡಿದ ಮೇಲೆ ಜರ್ನಲ್‌ಡಿ ತನ್ನ ಹೆಸರಿನಲ್ಲಿ ‘ಸಪ್ರೆಸ್ಡ್ ಇಷ್ಟು ಮೆಸೇಜಸ್ ಫ್ರಂ ಇಂಥ ಸೇವೆ’ ಎಂದು ಒಂದು ಸಾಲು ಬಿಡುತ್ತದೆ. ಆ ಸಾಲು ಆ ಸೇವೆಯ -ಯು ಹುಡುಕಾಟದಲ್ಲಿ ಸಿಗದೇ ಇರಬಹುದು. ಜರ್ನಲ್‌ಸಿಟಿಎಲ್ -ಯು ಸಿಸ್ಟಂಡಿ-ಜರ್ನಲ್‌ಡಿ -ಜಿ ಸಪ್ರೆಸ್ಡ್ ಎಂದು ಬೇರೆಯಾಗಿ ಕೇಳಿ.

ಕೆಲವರು ಇದಕ್ಕೆ ಕೋಪ ಬಂದು ಇಡೀ ಯಂತ್ರದ ರೇಟ್ ಲಿಮಿಟ್ ತೆಗೆದುಹಾಕುತ್ತಾರೆ. ಬೇಡ. ಹುಚ್ಚು ಹಿಡಿದ ಒಂದು ಸೇವೆ ಉಳಿದೆಲ್ಲರ ದಾಖಲೆಯನ್ನು ಅರ್ಧ ಗಂಟೆಯಲ್ಲಿ ಹೊರತಳ್ಳುತ್ತದೆ, ಏಕೆಂದರೆ ಜರ್ನಲ್‌ನ ಒಟ್ಟು ಜಾಗ ಎಲ್ಲರಿಗೂ ಸೇರಿ ಒಂದೇ. ನಿಜವಾಗಿಯೂ ಹೆಚ್ಚು ಬರೆಯಬೇಕಾದ ಆ ಒಂದು ಸೇವೆಯ ಯೂನಿಟ್ ಫೈಲಿನಲ್ಲಿ ಲಾಗ್‌ರೇಟ್‌ಲಿಮಿಟ್‌ಇಂಟರ್ವಲ್‌ಸೆಕ್ ಮತ್ತು ಲಾಗ್‌ರೇಟ್‌ಲಿಮಿಟ್‌ಬರ್ಸ್ಟ್ ಕೊಟ್ಟು ಅದಕ್ಕೆ ಮಾತ್ರ ಮಿತಿ ಏರಿಸಿ.

ಆರ್‌ಸಿಸ್‌ಲಾಗ್ ಬೇಕೇ?

ಎಲ್ಲರಿಗೂ ಬೇಕಿಲ್ಲ. ಡೆಬಿಯನ್ 12ರಿಂದ, ಫೆಡೋರಾದಲ್ಲಿ ಅದಕ್ಕೂ ಮೊದಲೇ, ಇದು ತಾನಾಗಿ ಇನ್‌ಸ್ಟಾಲ್ ಆಗುವುದು ನಿಂತಿದೆ. ಹೊಸ ಯಂತ್ರದಲ್ಲಿ /ವರ್/ಲಾಗ್/ಸಿಸ್‌ಲಾಗ್ ಇಲ್ಲವೆಂದು ಗಾಬರಿಯಾಗುವವರಿಗೆ ಕಾರಣ ಇದೇ. ಆ ಸಾಲುಗಳು ಜರ್ನಲ್‌ನಲ್ಲಿವೆ. ಸಾದಾ ಪಠ್ಯ ಫೈಲ್‌ಗಳನ್ನು ಓದುವ ಹಳೆಯ ಸ್ಕ್ರಿಪ್ಟ್‌ಗಳಿದ್ದರೆ, ಅಥವಾ ಹಲವು ಯಂತ್ರ, ರೌಟರ್, ಸ್ವಿಚ್‌ಗಳ ಲಾಗನ್ನು ಒಂದೆಡೆ ಸೇರಿಸಬೇಕಿದ್ದರೆ ಇದು ಬೇಕು. ರೈನರ್ ಗೆರ್ಹಾರ್ಡ್ಸ್ 2004ರಲ್ಲಿ ಆರಂಭಿಸಿದ ಈ ಪ್ರೋಗ್ರಾಂ ಎರಡನೆಯ ಕೆಲಸದಲ್ಲಿ ನಿಜಕ್ಕೂ ಗಟ್ಟಿಗ.

ಜರ್ನಲ್‌ಡಿಯಿಂದ ಆರ್‌ಸಿಸ್‌ಲಾಗ್‌ಗೆ ಸಾಲು ಬರುವ ಬಗೆ ಎರಡು. ಡೆಬಿಯನ್ ಕಡೆ ಜರ್ನಲ್‌ಡಿ ತಾನೇ ಒಂದು ಸಾಕೆಟ್ ಮೂಲಕ ತಳ್ಳುತ್ತದೆ. ರೆಡ್ ಹ್ಯಾಟ್ ಕಡೆ ಆರ್‌ಸಿಸ್‌ಲಾಗ್‌ನ ಐಎಂಜರ್ನಲ್ ಮಾಡ್ಯೂಲ್ ಜರ್ನಲ್ ಫೈಲನ್ನು ಓದಿ ಎಳೆದುಕೊಳ್ಳುತ್ತದೆ. ಐಎಂಜರ್ನಲ್‌ಗೂ ತನ್ನದೊಂದು ರೇಟ್ ಲಿಮಿಟ್ ಇದೆ, 600 ಸೆಕೆಂಡಿಗೆ 20,000 ಸಾಲು. ಜರ್ನಲ್‌ನಲ್ಲಿ ಕಾಣುವ ಸಾಲು ಆರ್‌ಸಿಸ್‌ಲಾಗ್ ಬರೆಯುವ /ವರ್/ಲಾಗ್/ಮೆಸೇಜಸ್ ಫೈಲಿನಲ್ಲಿ ಇಲ್ಲದಿದ್ದರೆ ಇಲ್ಲಿ ಕೈ ಇಡಿ.

ಯಾವ ಸಾಲು ಯಾವ ಫೈಲಿಗೆ ಎಂಬ ನಿಯಮಗಳು /ಇಟಿಸಿ/ಆರ್‌ಸಿಸ್‌ಲಾಗ್.ಕಾನ್ಫ್ ಮತ್ತು /ಇಟಿಸಿ/ಆರ್‌ಸಿಸ್‌ಲಾಗ್.ಡಿ ಡೈರೆಕ್ಟರಿಯಲ್ಲಿವೆ. ರೆಡ್ ಹ್ಯಾಟ್‌ನ ಪ್ರಸಿದ್ಧ ಸಾಲು ಹೀಗಿದೆ:

*.ಇನ್ಫೊ;ಮೇಲ್.ನನ್;ಆಥ್‌ಪ್ರಿವ್.ನನ್;ಕ್ರಾನ್.ನನ್   /ವರ್/ಲಾಗ್/ಮೆಸೇಜಸ್

ಎಲ್ಲ ಮೂಲಗಳಿಂದ ಇನ್ಫೊ ಮತ್ತು ಅದಕ್ಕಿಂತ ಗಂಭೀರವಾದದ್ದು. ಮೇಲ್, ಆಥ್‌ಪ್ರಿವ್, ಕ್ರಾನ್ ಬಿಟ್ಟು. ‘ಮತ್ತು ಅದಕ್ಕಿಂತ ಗಂಭೀರ’ ಎನ್ನುವುದು ಬರೆಯದೇ ಇರುವ ಅರ್ಥ. ಸರಿಯಾಗಿ ಇನ್ಫೊ ಮಾತ್ರ ಬೇಕಿದ್ದರೆ ಚುಕ್ಕಿಯ ನಂತರ ಸಮ ಚಿಹ್ನೆ ಹಾಕಬೇಕು. ಲಾಗಿನ್ ಸಾಲುಗಳನ್ನು ಮೆಸೇಜಸ್ ಫೈಲಿನಲ್ಲಿ ಹುಡುಕಿ ಸೋಲುವುದಕ್ಕೆ ಆಥ್‌ಪ್ರಿವ್.ನನ್ ಕಾರಣ, ಅವು ರೆಡ್ ಹ್ಯಾಟ್‌ನಲ್ಲಿ /ವರ್/ಲಾಗ್/ಸೆಕ್ಯೂರ್‌ಗೆ, ಡೆಬಿಯನ್‌ನಲ್ಲಿ /ವರ್/ಲಾಗ್/ಆಥ್.ಲಾಗ್‌ಗೆ ಹೋಗುತ್ತವೆ.

ನಿಮ್ಮದೇ ನಿಯಮ ಬರೆಯುವಾಗ ಫೈಲಿನ ಹೆಸರಿಗೆ ಚಿಕ್ಕ ಸಂಖ್ಯೆ ಕೊಡಿ, 30ರಿಂದ ಆರಂಭಿಸಿದರೆ ಸಾಕು. ಫೈಲ್‌ಗಳನ್ನು ಅಕ್ಷರಕ್ರಮದಲ್ಲಿ ಓದಲಾಗುತ್ತದೆ, ಉಬುಂಟುವಿನ 50-ಡೀಫಾಲ್ಟ್.ಕಾನ್ಫ್ ಆದ ಮೇಲೆ ಬರುವ ನಿಯಮದಲ್ಲಿ ‘ಸ್ಟಾಪ್’ ಎಂದು ಬರೆದರೂ ಸಾಲು ಆಗಲೇ ಸಿಸ್‌ಲಾಗ್ ಫೈಲಿಗೆ ಬಿದ್ದಾಗಿರುತ್ತದೆ. ಪ್ರತಿ ಬದಲಾವಣೆಯ ನಂತರ ರೀಸ್ಟಾರ್ಟ್‌ಗೆ ಮುಂಚೆ ಆರ್‌ಸಿಸ್‌ಲಾಗ್‌ಡಿ -ಎನ್1 ಓಡಿಸಿ, ಇಲ್ಲಿ ಎನ್ ದೊಡ್ಡಕ್ಷರ. ಕಾನ್ಫಿಗ್‌ನ ತಪ್ಪುಗಳನ್ನು ಅದು ಸಾಲು ಸಂಖ್ಯೆ ಸಹಿತ ಹೇಳುತ್ತದೆ.

ಇನ್ನೊಂದು ಸರ್ವರ್‌ಗೆ ಕಳಿಸುವಾಗ

ಹಳೆಯ ರೂಢಿಯಂತೆ ಒಂದು @ ಚಿಹ್ನೆ ಹಾಕಿ ಸರ್ವರ್ ಹೆಸರು ಬರೆದರೆ ಯುಡಿಪಿ, ಎರಡು ಹಾಕಿದರೆ ಟಿಸಿಪಿ. ಯುಡಿಪಿಯ ವಾಡಿಕೆ ಪೋರ್ಟ್ 514, ಗೂಢಲಿಪಿಯಲ್ಲಿ ಕಳಿಸುವ ಟಿಎಲ್‌ಎಸ್‌ಗೆ 6514. ಯುಡಿಪಿಯಲ್ಲಿ ಸಾಲು ತಲುಪಿತೋ ಇಲ್ಲವೋ ಕಳಿಸಿದವರಿಗೆ ತಿಳಿಯುವುದಿಲ್ಲ, ಯಾರ ಹೆಸರಿನಲ್ಲಿ ಯಾರು ಬೇಕಾದರೂ ಕಳಿಸಬಹುದು. ರೌಟರ್‌ಗಳಿಗೆ ಬೇರೆ ದಾರಿ ಇಲ್ಲದಿದ್ದರೆ ಒಳಜಾಲದಲ್ಲಿ ಮಾತ್ರ ಬಳಸಿ. ಟಿಸಿಪಿ ಮೇಲು, ಆದರೂ ಸಂಪರ್ಕ ಕಡಿದ ಕ್ಷಣದಲ್ಲಿ ಕರ್ನಲ್ ಬಫರ್‌ನಲ್ಲಿದ್ದ ಸಾಲುಗಳು ಕಳೆಯುತ್ತವೆ. ಒಂದೊಂದು ಸಾಲಿಗೂ ಸ್ವೀಕೃತಿ ಬೇಕಾದರೆ ಎರಡೂ ಕಡೆ ರೆಲ್ಪ್ ಮಾಡ್ಯೂಲ್ ಹಾಕಬೇಕು.

ನಿಜವಾದ ಪ್ರಶ್ನೆ, ಆ ಸರ್ವರ್ ಎರಡು ಗಂಟೆ ಸಿಗದಿದ್ದರೆ ಏನಾಗುತ್ತದೆ ಎನ್ನುವುದು. ಆಕ್ಷನ್.ರೆಸ್ಯೂಮ್‌ರಿಟ್ರೈಕೌಂಟ್ ವಾಡಿಕೆಯಲ್ಲಿ 0; ಕಳಿಸಲಾಗದ ಸಾಲುಗಳನ್ನು ಆರ್‌ಸಿಸ್‌ಲಾಗ್ ಎಸೆಯುತ್ತದೆ. ಇದು ತಿಳಿದವರು ಅದನ್ನು -1 ಮಾಡಿ, ಅಂದರೆ ಸಿಗುವವರೆಗೆ ಪ್ರಯತ್ನಿಸು ಎಂದು ಹೇಳಿ, ಅಷ್ಟಕ್ಕೇ ಬಿಡುತ್ತಾರೆ. ಅದು ಇನ್ನೂ ಕೆಟ್ಟದ್ದು. ಆ ಕಳಿಸುವ ಕೆಲಸಕ್ಕೆ ಪ್ರತ್ಯೇಕ ಕ್ಯೂ (ಸಾಲುಗಳು ಸರದಿ ಕಾಯುವ ಜಾಗ) ಇಲ್ಲದಿದ್ದರೆ ಮುಖ್ಯ ಕ್ಯೂ ಕಟ್ಟಿಕೊಂಡು, ತುಂಬಿ, ಸ್ಥಳೀಯ ಫೈಲಿಗೆ ಬರೆಯುವುದೂ ತೆವಳಲು ಶುರುವಾಗುತ್ತದೆ. ಜರ್ನಲ್‌ಡಿ ಆರ್‌ಸಿಸ್‌ಲಾಗ್‌ಗಾಗಿ ಕಾಯುವುದಿಲ್ಲ, ತಳ್ಳಲಾಗದ್ದನ್ನು ಬಿಟ್ಟು ‘ಫಾರ್ವರ್ಡಿಂಗ್ ಟು ಸಿಸ್‌ಲಾಗ್ ಮಿಸ್ಡ್’ ಎಂದು ಎಷ್ಟು ತಪ್ಪಿತೆಂಬುದನ್ನು ಬರೆಯುತ್ತದೆ. ಜರ್ನಲ್‌ಡಿ ಇಲ್ಲದ ಯಂತ್ರಗಳಲ್ಲಿ /ಡೆವ್/ಲಾಗ್‌ಗೆ ಬರೆಯುವ ಪ್ರೋಗ್ರಾಂಗಳೇ ಕಾಯುತ್ತ ನಿಲ್ಲುತ್ತವೆ. ಎಲ್ಲೋ ಇರುವ ಲಾಗ್ ಸರ್ವರ್ ಬಿದ್ದದ್ದಕ್ಕೆ ಇಲ್ಲಿ ಎಸ್‌ಎಸ್‌ಎಚ್ ಲಾಗಿನ್ ಆಗದಿರುವ ವಿಚಿತ್ರ ಹೀಗೆ ಹುಟ್ಟುತ್ತದೆ.

ಸರಿಯಾದ ಕಟ್ಟಣೆಗೆ ಐದು ಬೆಲೆಗಳನ್ನು ಒಟ್ಟಿಗೆ ಕೊಡಬೇಕು: ಕ್ಯೂ.ಟೈಪ್ ಲಿಂಕ್ಡ್‌ಲಿಸ್ಟ್, ಕ್ಯೂ.ಫೈಲ್‌ನೇಮ್‌ಗೆ ಒಂದು ಹೆಸರು (ಇದು ಇದ್ದರೆ ಮಾತ್ರ ಮೆಮೊರಿ ತುಂಬಿದಾಗ ಸಾಲುಗಳು ಡಿಸ್ಕ್‌ಗೆ ಇಳಿಯುತ್ತವೆ), ಕ್ಯೂ.ಮ್ಯಾಕ್ಸ್‌ಡಿಸ್ಕ್‌ಸ್ಪೇಸ್ 1ಜಿ, ಕ್ಯೂ.ಸೇವ್‌ಆನ್‌ಶಟ್‌ಡೌನ್ ಆನ್, ಆಕ್ಷನ್.ರೆಸ್ಯೂಮ್‌ರಿಟ್ರೈಕೌಂಟ್ -1. ವರ್ಕ್‌ಡೈರೆಕ್ಟರಿ ಸೆಟ್ಟಿಂಗ್ ಕೂಡ ಇರಬೇಕು, ಆ ಡೈರೆಕ್ಟರಿಗೆ ಆರ್‌ಸಿಸ್‌ಲಾಗ್ ಬರೆಯುವಂತಿರಬೇಕು. ಕಟ್ಟಿದ ಮೇಲೆ ಪರೀಕ್ಷಿಸದೆ ಬಿಡಬೇಡಿ: ಫೈರ್‌ವಾಲ್‌ನಲ್ಲಿ ಆ ಪೋರ್ಟ್ ಹತ್ತು ನಿಮಿಷ ಮುಚ್ಚಿ, ಸಾಲುಗಳನ್ನು ಹೊರಡಿಸಿ, ಮತ್ತೆ ತೆರೆದು, ಎಲ್ಲವೂ ಆ ಕಡೆ ಬಂದವೇ ಎಣಿಸಿ.

ಸಾಲಿನ ರೂಪದ ಬಗ್ಗೆ ಒಂದು ಮಾತು. 2001ರ ಆರ್‌ಎಫ್‌ಸಿ 3164 (ಇಂಟರ್ನೆಟ್ ನಿಯಮಗಳ ದಾಖಲೆ ಸರಣಿಯದ್ದು) ದಾಖಲಿಸಿದ ಹಳೆಯ ರೂಪದ ಸಮಯದಲ್ಲಿ ವರ್ಷವೂ ಇಲ್ಲ, ಟೈಮ್‌ಝೋನ್ ಕೂಡ ಇಲ್ಲ. 2009ರ ಆರ್‌ಎಫ್‌ಸಿ 5424 ಎರಡನ್ನೂ ಸೇರಿಸಿದೆ. ಆಯ್ಕೆ ಇದ್ದಲ್ಲಿ ಹೊಸದನ್ನೇ ಬಳಸಿ, ಎಲ್ಲ ಯಂತ್ರಗಳಲ್ಲೂ ಗಡಿಯಾರ ಸರಿಹೊಂದಿಸುವ ಎನ್‌ಟಿಪಿ ಓಡುತ್ತಿರಲಿ. ಗಡಿಯಾರಗಳು ಎರಡು ನಿಮಿಷ ಹಿಂದೆಮುಂದೆ ಇರುವ ಹತ್ತು ಸರ್ವರ್‌ಗಳ ಲಾಗನ್ನು ಒಟ್ಟಿಗಿಟ್ಟರೆ ಕಾರಣಕ್ಕಿಂತ ಮೊದಲು ಪರಿಣಾಮ ಕಾಣುತ್ತದೆ.

ಲಾಗ್‌ರೊಟೇಟ್

ಪಠ್ಯ ಫೈಲ್‌ಗಳನ್ನು ಕತ್ತರಿಸಿ ಹಳೆಯದನ್ನು ಎಸೆಯುವುದು ಇದರ ಕೆಲಸ. ಇದು ಸದಾ ಓಡುವ ಸೇವೆಯಲ್ಲ; ಸಾಮಾನ್ಯವಾಗಿ ಟೈಮರ್ ಇದನ್ನು ದಿನಕ್ಕೆ ಒಮ್ಮೆ ಎಬ್ಬಿಸುತ್ತದೆ. ಆದ್ದರಿಂದ ‘ಸೈಜ್ 100ಎಂ’ ಎಂದು ಬರೆದ ಮಾತ್ರಕ್ಕೆ ಫೈಲ್ 100 ಮೆಗಾಬೈಟ್ ಮುಟ್ಟಿದ ಕೂಡಲೇ ಕತ್ತರಿಯಾಗದು, ಮಧ್ಯಾಹ್ನದ ಹೊತ್ತಿಗೆ 40 ಗಿಗಾಬೈಟ್ ಆಗಿರಬಹುದು. ಬೇಕಿದ್ದರೆ ಟೈಮರ್ ಅನ್ನೇ ಗಂಟೆಗೊಮ್ಮೆ ಎಂದು ಬದಲಿಸಿ. ವಾರಕ್ಕೊಮ್ಮೆ ಅಥವಾ ಗಾತ್ರ ಮೀರಿದರೆ ಎಂದು ಎರಡೂ ಬೇಕಾದಾಗ ಸೈಜ್ ಅಲ್ಲ, ಮ್ಯಾಕ್ಸ್‌ಸೈಜ್.

ಕತ್ತರಿಸುವ ವಿಧಾನ ಎರಡು. ಹಳೆಯ ಫೈಲಿನ ಹೆಸರು ಬದಲಿಸಿ, ಹೊಸ ಖಾಲಿ ಫೈಲ್ ಮಾಡಿ, ಪೋಸ್ಟ್‌ರೊಟೇಟ್‌ನಲ್ಲಿ ಸೇವೆಗೆ ಹಪ್ ಸಿಗ್ನಲ್ (ಲಾಗ್ ಫೈಲನ್ನು ಹೊಸದಾಗಿ ತೆರೆ ಎಂಬ ಸೂಚನೆ) ಕಳಿಸುವುದು ಒಂದು. ಸಿಗ್ನಲ್ ಮರೆತರೆ ಸೇವೆ ಹೆಸರು ಬದಲಾದ ಹಳೆಯ ಫೈಲಿಗೇ ಬರೆಯುತ್ತಿರುತ್ತದೆ, ಹೊಸದು ಖಾಲಿ ಕೂತಿರುತ್ತದೆ. ಸಿಗ್ನಲ್ ಅರ್ಥವಾಗದ ಪ್ರೋಗ್ರಾಂಗಳಿಗೆ ಕಾಪಿಟ್ರಂಕೇಟ್: ನಕಲು ತೆಗೆದು ಮೂಲವನ್ನು ಬರಿದು ಮಾಡುವುದು. ನಕಲಿಗೂ ಬರಿದು ಮಾಡುವುದಕ್ಕೂ ನಡುವಿನ ಚಿಕ್ಕ ಅಂತರದಲ್ಲಿ ಬಂದ ಸಾಲುಗಳು ಹೋಗುತ್ತವೆ. ಹಣಕಾಸಿನ ಅಥವಾ ಆಡಿಟ್ ಲಾಗ್‌ಗೆ ಇದು ತಕ್ಕದ್ದಲ್ಲ. ಡೈರೆಕ್ಟರಿಗೆ ಗುಂಪಿನವರೋ ಎಲ್ಲರೋ ಬರೆಯುವಂತಿದ್ದರೆ ಲಾಗ್‌ರೊಟೇಟ್ ಅದನ್ನು ಮುಟ್ಟಲು ನಿರಾಕರಿಸುತ್ತದೆ. ಆಗ ಸು ಎಂಬ ನಿರ್ದೇಶನದಲ್ಲಿ ಬಳಕೆದಾರ ಮತ್ತು ಗುಂಪಿನ ಹೆಸರು ಕೊಡಿ. ಏನನ್ನೂ ಬದಲಿಸದೆ ಪರೀಕ್ಷಿಸಲು -ಡಿ ಸೇರಿಸಿ ಓಡಿಸಿ.

ಸಾಲು ಕಾಣೆಯಾದಾಗ ಹಾದಿ ಹಿಡಿದು

ಒಂದು ಗುರುತಿನ ಸಾಲನ್ನು ನೀವೇ ಹೊರಡಿಸಿ:

ಲಾಗರ್ -ಪಿ ಲೋಕಲ್3.ವಾರ್ನಿಂಗ್ -ಟಿ ಪರೀಕ್ಷೆ "ಗುರುತು 7731"

ಈಗ ಜರ್ನಲ್‌ಸಿಟಿಎಲ್ -ಟಿ ಪರೀಕ್ಷೆ -ಎನ್ 5. ಇಲ್ಲೇ ಬರದಿದ್ದರೆ ಜರ್ನಲ್‌ಡಿಯದೇ ತೊಂದರೆ: ಸೇವೆ ಓಡುತ್ತಿದೆಯೇ, ಡಿಸ್ಕ್ ತುಂಬಿದೆಯೇ, ಬ್ಲಾಕ್‌ಗಳು ಖಾಲಿ ಇದ್ದರೂ ಐನೋಡ್ (ಪ್ರತಿ ಫೈಲಿಗೂ ಬೇಕಾದ ದಾಖಲೆ ಕೋಶ) ಮುಗಿದಿವೆಯೇ, ಡಿಎಫ್ -ಐ ಕೊಟ್ಟು ನೋಡಿ. ನಿಮ್ಮ ಸಾಲು ಬಂದು ಅಪ್ಲಿಕೇಶನ್‌ನದು ಮಾತ್ರ ಬರದಿದ್ದರೆ ರೇಟ್ ಲಿಮಿಟ್, ಪೈಥಾನ್ ಬಫರ್, ಇನ್ಫೊ ಹಣೆಪಟ್ಟಿ ಈ ಮೂರನ್ನು ನೋಡಿ. ಕಂಟೇನರ್ ಒಳಗೆ ಓಡುವ ಪ್ರೋಗ್ರಾಂ ಆದರೆ ಅಲ್ಲಿ /ಡೆವ್/ಲಾಗ್ ಇದೆಯೇ ಎಂದೂ ನೋಡಿ. ಹೆಚ್ಚಾಗಿ ಇರುವುದಿಲ್ಲ, ಸಿಸ್‌ಲಾಗ್ ಕರೆ ಸದ್ದಿಲ್ಲದೆ ವಿಫಲವಾಗುತ್ತದೆ.

ಜರ್ನಲ್‌ನಲ್ಲಿದ್ದು ಫೈಲಿನಲ್ಲಿ ಇಲ್ಲದಿದ್ದರೆ ಆರ್‌ಸಿಸ್‌ಲಾಗ್‌ನ ನಿಯಮಗಳ ಕ್ರಮ, ‘ಸ್ಟಾಪ್’ ಇರುವ ಮೇಲಿನ ನಿಯಮ, ಫೈಲಿನ ಒಡೆತನ. ಉಬುಂಟುವಿನಲ್ಲಿ ಆರ್‌ಸಿಸ್‌ಲಾಗ್ ರೂಟ್ ಹಕ್ಕು ಬಿಟ್ಟು ಸಿಸ್‌ಲಾಗ್ ಎಂಬ ಬಳಕೆದಾರನಾಗಿ ಓಡುತ್ತದೆ. ರೂಟ್ ಆಗಿ ನೀವು ಕೈಯಾರೆ ಮಾಡಿಟ್ಟ ಫೈಲಿಗೆ ಅದು ಬರೆಯಲಾರದು. ರೆಡ್ ಹ್ಯಾಟ್‌ನಲ್ಲಿ ಲಾಗ್ ಫೈಲನ್ನು /ವರ್/ಲಾಗ್ ಬಿಟ್ಟು ಬೇರೆಲ್ಲೋ ಇಟ್ಟಿದ್ದರೆ ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ತಡೆದಿರುವ ಸಾಧ್ಯತೆ ಹೆಚ್ಚು.

ಫೈಲಿನಲ್ಲಿದ್ದು ದೂರದ ಸರ್ವರ್‌ನಲ್ಲಿ ಇಲ್ಲದಿದ್ದರೆ ಆ ಸರ್ವರ್‌ನಲ್ಲಿ ಜಾಲದ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್‌ನಿಂದ ಪೋರ್ಟ್ 514 ಅಥವಾ 6514 ನೋಡಿ. ಪ್ಯಾಕೆಟ್ ಬರುತ್ತಿದ್ದರೆ ತಪ್ಪು ಆ ಕಡೆಯ ನಿಯಮದಲ್ಲಿ, ಬರದಿದ್ದರೆ ಈ ಕಡೆ ಅಥವಾ ನಡುವಿನ ಫೈರ್‌ವಾಲ್‌ನಲ್ಲಿ. ಪ್ಯಾಕೆಟ್ ಬಂದರೂ ಸಾಲುಗಳು ತಡವಾಗಿ ಬೀಳುತ್ತಿದ್ದರೆ ಡಿಎನ್‌ಎಸ್ ಕಡೆ ನೋಡಿ: ಕಳಿಸಿದವರ ಹೆಸರು ಹುಡುಕಲು ಸ್ವೀಕರಿಸುವ ಸರ್ವರ್ ಉತ್ತರವಿಲ್ಲದ ಡಿಎನ್‌ಎಸ್‌ಗಾಗಿ ಕಾಯುತ್ತಿರಬಹುದು.

ಇನ್ನು, ಡಿಸ್ಕ್ ತುಂಬಿದಾಗ ದೊಡ್ಡ ಲಾಗ್ ಫೈಲನ್ನು ಆರ್‌ಎಂ ಹಾಕಿ ಅಳಿಸಿಯೂ ಜಾಗ ಬಿಡುಗಡೆಯಾಗದಿರುವುದು. ಸೇವೆ ಆ ಫೈಲನ್ನು ತೆರೆದು ಹಿಡಿದಿರುವವರೆಗೆ ಕರ್ನಲ್ ಜಾಗ ವಾಪಸ್ ಕೊಡುವುದಿಲ್ಲ, ಹೆಸರಷ್ಟೇ ಹೋಗಿರುತ್ತದೆ. ಎಲ್‌ಎಸ್‌ಒಎಫ್ +ಎಲ್1 ಓಡಿಸಿದರೆ (ಎಲ್ ದೊಡ್ಡಕ್ಷರ) ಹೀಗೆ ಹೆಸರಿಲ್ಲದೆ ಉಳಿದ ಫೈಲ್‌ಗಳೂ ಅವನ್ನು ಹಿಡಿದ ಪ್ರೋಗ್ರಾಂಗಳೂ ಕಾಣುತ್ತವೆ. ಆ ಸೇವೆಗೆ ಹಪ್ ಕಳಿಸಿ ಅಥವಾ ರೀಸ್ಟಾರ್ಟ್ ಮಾಡಿ. ಮುಂದಿನ ಸಲ ಅಳಿಸುವ ಬದಲು ಟ್ರಂಕೇಟ್ -ಎಸ್ 0 ಕೊಟ್ಟು ಫೈಲನ್ನು ಬರಿದು ಮಾಡಿ.